ಅಣ್ಣನ ದನಿಗೆ ಬಂದ ಚಳಿ

ಸಂದೂಕದ ಮುಚ್ಚಳ ತೆಗೆದರೆ ಸಾಕು, ನುಸಿಗುಳಿಗೆಯ ವಾಸನೆಯ ಜೊತೆ ಅವ್ವನ ನೆನಪು ಎದ್ದು ಬರುತ್ತದೆ. ಅವಳು ಹೊಲಿದ ಕೌದಿ ಅದರ ತಳದಲ್ಲಿತ್ತು. ಮೊನ್ನೆ ಅದನ್ನು ಬಿಸಿಲಿಗೆ ಹಾಕುವಾಗ, ರಜೆಗೆ ಬಂದ ಮೊಮ್ಮಗಳು ಕೇಳಿದಳು, "ಆಯಿ, ಇಷ್ಟ ದಪ್ಪ ಕೌದಿ ಯಾರಿಗೆ ಹೊಲದಿದ್ರು?" ಮುಂಬೈಯಲ್ಲಿದ್ದವನಿಗೆ ಎಂದರೆ ನಕ್ಕಳು. ನೀವೂ ನಗುವಿರಂತೆ, ಸ್ವಲ್ಪ ತಾಳಿ.

ಅದು ಯುದ್ಧದ ಕಾಲ. ನಮ್ಮೂರಾದ ಕಲ್ಲೋಳಿಯಲ್ಲಿ ಪಕ್ಕದ ಮನೆಯೇ ಅಪ್ಪನ ತಮ್ಮ ಕಾಕಾನದು. ಬೆಲ್ಲದ ವ್ಯಾಪಾರಿ ಕಾಕಾ ಬ್ಯಾಟರಿ ರೇಡಿಯೊ ತಂದು, ಮಾಳಿಗೆಯ ಮೇಲೆ ತಂತಿ ಕಟ್ಟಿಸಿ, ಪೆಟ್ಟಿಗೆಗೆ ದಿನಾ ವಿಭೂತಿ ಹಚ್ಚುತ್ತಿದ್ದ. ಮುಂಬೈಯಲ್ಲಿ ನೌಕರಿಗಿದ್ದ ನನ್ನ ಅಣ್ಣ ರೇಡಿಯೊದಲ್ಲಿ ವಚನ ಹಾಡುತ್ತಾನೆಂದು ಸುದ್ದಿ ಬಂದ ದಿನ, ಅವ್ವ ಸಂಜೆ ದೀಪ ಹಚ್ಚಿದವಳೇ ಅದರ ಮುಂದೆ ಹೋಗಿ ಕೂತಳು.

ಹಾಡು ಬಂತು. ಆದರೆ ಅಣ್ಣನ ದನಿ ಗದಗದ ನಡುಗುತ್ತಿತ್ತು.

"ಯವ್ವಾ, ನನ್ನ ಮಗಗ ಚಳಿಜ್ವರ ಬಂದಾವ!" ಎಂದಳು ಅವ್ವ.

"ಮುಂಬೈದಾಗ ಎಲ್ಲಿ ಚಳಿರಿ, ವೈನಿ?" ಎಂದ ಕಾಕಾ.

"ಹಂಗಾರ ನಿಮ್ಮ ಪೆಟಗಿ ಕೆಟ್ಟೈತಿ."

"ಛೇ ಛೇ, ಪೆಟಗಿ ಹೊಸಾದು! ಜ್ವರಾನ ಇರಬೇಕ್ರಿ."

ರೇಡಿಯೊದ ಮರ್ಯಾದೆ ಉಳಿಸಲು ಕಾಕಾ ಅಣ್ಣನಿಗೆ ಜ್ವರ ಬರಿಸಿಬಿಟ್ಟ. ಅವ್ವ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಕೌದಿ ಹೊಲಿದು, ಗೋಕಾಕದಿಂದ ಮುಂಬೈಗೆ ಹೊರಟವರ ಕೈಲಿ ಕಳಿಸಿದಳು. ಜೊತೆಗೊಂದು ಮಾತು: "ಹಾಡೂ ಬ್ಯಾಡ, ಪಗಾರಾನೂ ಬ್ಯಾಡ. ಇದನ್ನ ಹೊಚ್ಚಿಕೊಂಡ ಮನಿಗಿ ಬಾ." ನನಗೆ ಅಳುವೇ ಬಂತು. ಅಣ್ಣನಿಗೆ ಹಾಡೆಂದರೆ ಜೀವ. ಊರಿಗೆ ಬಂದು ಕೂತರೆ ಅವನ ಹಾಡು ಮುಗಿದಂತೆಯೇ.

ಅಣ್ಣ ಬಂದ. ಹೆಗಲ ಮೇಲೆ ಕೌದಿ, ಮೈತುಂಬ ಬೆವರು. ಅವ್ವ ಅವನ ಹಣೆ ಮುಟ್ಟಿ ನೋಡಿದಳು, ಕೊರಳು ಮುಟ್ಟಿ ನೋಡಿದಳು. "ಹಾಡ" ಎಂದಳು. ಅವನು ಅಂಗಳದಲ್ಲಿ ನಿಂತು ಹಾಡಿದ. ದನಿ ಒಂದಿಷ್ಟೂ ಅಲುಗಲಿಲ್ಲ. ಅವ್ವ ಕಣ್ಣೊರೆಸಿಕೊಂಡು, "ಹೋಗಪಾ, ಅಲ್ಲೇ ಹಾಡ" ಎಂದವಳು ಕಾಕಾನ ಕಡೆ ತಿರುಗಿದಳು. "ಹಂಗಾರ ಅವತ್ತ ನಡುಗಿದ್ದು ಯಾರು?"

ಕಾಕಾ ಮಾಳಿಗೆಯ ತಂತಿ ನೋಡುತ್ತ ನಿಂತ. ಅಣ್ಣ ಕೌದಿ ಬಿಟ್ಟು ಮರಳಿ ಹೋದ. ಮುಂದೆ ಅವ್ವ ತಾನು ಸಾಯುವವರೆಗೂ ರೇಡಿಯೊದಲ್ಲಿ ಅವನ ದನಿ ನಡುಗಿದಾಗಲೆಲ್ಲ ತನ್ನ ಸೆರಗನ್ನೇ ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದಳು.

ಈ ಮೊಮ್ಮಗಳ ಕೆಲಸ ದಕ್ಷಿಣದ ಕಡೆ, ಒಂದು ರಡಾರ್ ಕೇಂದ್ರದಲ್ಲಿ. ಕಥೆ ಕೇಳಿ ನಗು ನಿಲ್ಲಿಸಿದಳು.

"ಆಯಿ, ರೇಡಿಯೊ ತರಂಗ ತಿರುಗಿಸಿ ಕಳಸೋ ಪದರ ಮ್ಯಾಲ ಆಕಾಶದಾಗ ಐತಿ. ಹೊತ್ತ ಮುಳುಗಿದ ಮ್ಯಾಲ ಅದರಾಗ ಗುಳ್ಳಿ ಏಳ್ತಾವ, ಬೆಲ್ಲದ ಕೊಪ್ಪರಗಿಯಾಗ ಎದ್ದಂಗ. ಆವಾಗ ದನಿ ನಡಗತೈತಿ. ನಾವು ರಡಾರ್ ಹಚ್ಚಿ ಅದನ್ನ ನೋಡಾಕತ್ತೀವಿ."

ಜ್ವರ ಅಣ್ಣನಿಗೂ ಅಲ್ಲ, ಕಾಕಾನ ಪೆಟ್ಟಿಗೆಗೂ ಅಲ್ಲ! ಅವ್ವ ಇದನ್ನು ಕೇಳಬೇಕಿತ್ತು.

ನಿನ್ನೆ ಮೊಮ್ಮಗಳು ಹೊರಟಾಗ ಅವಳ ಚೀಲಕ್ಕೆ ಕೌದಿ ತುರುಕಿದೆ.

"ಅಲ್ಲಿ ಭಾಳ ಸೆಕಿ, ಆಯಿ!"

"ನಿನಗಲ್ಲ, ಯವ್ವಾ" ಎಂದೆ, "ಆಕಾಶಕ್ಕ."