ತಕ್ಕಡಿಯಲ್ಲಿ ಅಡಗಿದ್ದ ಗೋಲಿ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಉಣಕಲ್ಲಿನ ನಮ್ಮ ಶಾಲೆಯಲ್ಲಿ ಗಣಿತ ಕಲಿಸುವಾಗ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಇರುತ್ತೇನೆ. ಮಕ್ಕಳ ತಲೆಗಳೂ ಜೊತೆಜೊತೆಗೆ ತಿರುಗುತ್ತವೆ. ಅದನ್ನು ಬಹಳ ಕಾಲ ನಾನು ಆಸಕ್ತಿ ಎಂದೇ ತಿಳಿದುಕೊಂಡಿದ್ದೆ.

ಏಳನೆಯ ತರಗತಿಗೆ ಸಮೀಕರಣದ ಪಾಠ ಬಂತೆಂದರೆ ಈ ಭ್ರಮೆ ಹರಿಯುತ್ತದೆ. ಎಕ್ಸ್‌ಗೆ ಮೂರು ಕೂಡಿಸಿದರೆ ಎಂಟು, ಹಾಗಾದರೆ ಎಕ್ಸ್ ಎಷ್ಟು? ಯಾರಿಗೆ ಬೇಕಾಗಿದೆ! ನಮ್ಮ ಹಿಂದಿನವರು ಗೊತ್ತಿಲ್ಲದ ಸಂಖ್ಯೆಗಳಿಗೆ ಕಪ್ಪು, ನೀಲಿ, ಹಳದಿ ಎಂದು ಬಣ್ಣದ ಹೆಸರಿಡುತ್ತಿದ್ದರಂತೆ. ಅದನ್ನು ನಂಬಿ ಬಣ್ಣದ ಸೀಮೆಸುಣ್ಣ ತಂದೆ. ಮಕ್ಕಳು ಬಣ್ಣಬಣ್ಣವಾಗಿ ಆಕಳಿಸಿದರು.

ಕೊನೆಗೆ ತೀರಿಹೋದ ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿಯನ್ನು ಅಟ್ಟದಿಂದ ಇಳಿಸಿ, ಅದು ಯಾರದೆಂದು ಹೇಳಿ ಮಕ್ಕಳ ಮುಂದಿಟ್ಟೆ. ತೆಳುವಾದ ಬಟ್ಟೆಚೀಲದಲ್ಲಿ ಗುಟ್ಟಾಗಿ ಐದು ಗೋಲಿ ಹಾಕಿ, ಅದನ್ನೂ ಬಿಡಿ ಗೋಲಿ ಮೂರನ್ನೂ ಎಡತಟ್ಟೆಯಲ್ಲಿಟ್ಟೆ. ಬಲಕ್ಕೆ ಮಕ್ಕಳು ಒಂದೊಂದೇ ಗೋಲಿ ಹಾಕುತ್ತಾ ಹೋದರು. ಎಂಟಕ್ಕೆ ನಿಲ್ಲಬೇಕಿದ್ದ ಮುಳ್ಳು ಒಂಬತ್ತಕ್ಕೆ ನಿಂತಿತು. ಚೀಲದಲ್ಲಿ ಆರು ಎಂದು ಇಡೀ ವರ್ಗ ಕೂಗಿತು. ಬಿಚ್ಚಿದರೆ ಐದು. ನನ್ನ ಮುಖ ನೋಡಿ ಮಕ್ಕಳು ಬಿದ್ದುಬಿದ್ದು ನಕ್ಕರು.

ಹಿಂದಿನ ಸಾಲಿನಿಂದ ನಾಗವೇಣಿ ಎದ್ದು ಬಂದಳು. ವರ್ಷವಿಡೀ ಹಾಜರಿ ಹೇಳುವುದನ್ನು ಬಿಟ್ಟರೆ ಬಾಯಿ ತೆರೆಯದ ಹುಡುಗಿ. ಎರಡೂ ತಟ್ಟೆ ಖಾಲಿ ಮಾಡಿ ತಕ್ಕಡಿ ಎತ್ತಿದಳು. ಎಡಗಡೆ ಜಗ್ಗಿತು. ಬಲಕ್ಕೆ ಒಂದು ಗೋಲಿ ಇಟ್ಟಳು, ಸಮವಾಯಿತು.

"ಸರ್, ತಕ್ಕಡಿ ಒಳಗ ಒಂದು ಗೋಲಿ ಅಡಗೇತಿ ನೋಡ್ರಿ" ಎಂದಳು. ಆಮೇಲೆ ಬಹಳ ಮುಗ್ಧವಾಗಿ, "ನಿಮ್ಮ ಅಪ್ಪಾರು ಯಾವ ಕಡೆ ಕಾಳು ಹಾಕತಿದ್ರು ಸರ್?" ಎಂದಳು.

ಎಡಗಡೆ. ನನಗೆ ಚೆನ್ನಾಗಿ ನೆನಪಿದೆ: ಬಲಕ್ಕೆ ತೂಕದ ಕಲ್ಲು, ಎಡಕ್ಕೆ ಕಾಳು. ಅಂದರೆ ಪ್ರತಿ ತೂಕಕ್ಕೂ ಗಿರಾಕಿಗೆ ಒಂದು ಗೋಲಿಯಷ್ಟು ಖೋತಾ! ನಾನು ತಿರುಗಿ ಬೋರ್ಡು ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಅಂದು ಬುತ್ತಿ ಬಿಚ್ಚಲಿಲ್ಲ. ಅಪ್ಪ ಮೋಸಗಾರನಾಗಿದ್ದನೇ ಎಂಬ ಒಂದೇ ಪ್ರಶ್ನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಧಾರವಾಡದ ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬಂದೆ. ಕೆಲಗೇರಿಯ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಅವ್ವನನ್ನು ಕೇಳಿದೆ. ಮೆಂತ್ಯಸೊಪ್ಪು ಸೋಸುತ್ತಿದ್ದ ಅವಳು ತಲೆ ಕೂಡ ಎತ್ತಲಿಲ್ಲ.

"ಅದು ಎಡಕ್ಕ ಜಗ್ಗತಿತ್ತು ಅಂತ ಓಣಿ ಮಂದಿಗೆಲ್ಲಾ ಗೊತ್ತಿತ್ತಪಾ. ಅದಕ್ಕ ನಿಮ್ಮಪ್ಪಾರು ತೂಗಿದ ಮ್ಯಾಲೆ ಒಂದು ಹಿಡಿ ಕೊಸರು ಹಾಕತಿದ್ರು."

"ಮತ್ತ ರಿಪೇರಿ ಯಾಕ ಮಾಡಿಸಲಿಲ್ಲಬೇ?"

"ಮಾಡಸ್ತೀನಿ ಅಂದ್ರು. ಗಿರಾಕಿಗೋಳ ಬ್ಯಾಡ ಅಂದ್ರು. ತಕ್ಕಡಿ ಸರಿ ಆದ್ರ ಕೊಸರು ನಿಂತು ಹೋಗತೈತಲ್ಲ!"

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆದರೂ ಸಮಾಧಾನವಿಲ್ಲ. ಒಂದು ಹಿಡಿ ಎಂದರೆ ಎಷ್ಟು? ಗಣಿತದ ಮಾಸ್ತರನಿಗೆ ಅವ್ವನ ಮಾತೂ ಸಾಲುವುದಿಲ್ಲ, ನೋಡಿ.

ಮರುದಿನ ಡಬ್ಬಿಯಲ್ಲಿ ಜೋಳ ತುಂಬಿಕೊಂಡು ಹೋಗಿ, ಅವ್ವ ಹೇಳಿದ್ದನ್ನೆಲ್ಲ ಮಕ್ಕಳಿಗೆ ಹೇಳಿದೆ. ನಾನು ಕೇಳುವ ಮೊದಲೇ ನಾಗವೇಣಿ ಬಲತಟ್ಟೆಗೆ ಒಂದು ಗೋಲಿ ಹಾಕಿ ತಕ್ಕಡಿಯ ತಪ್ಪು ತೀರಿಸಿದಳು. ಎಡಕ್ಕೆ ನಾನು ಒಂದು ಹಿಡಿ ಜೋಳ ಸುರಿದೆ. ನನ್ನ ಕೈ ಅಪ್ಪನ ಕೈಯ ಹಾಗೇ ಇದೆಯೆಂದು ಅವ್ವ ಯಾವಾಗಲೂ ಅನ್ನುತ್ತಾಳೆ. ಆ ಹಿಡಿಯನ್ನು ತೂಗಲು ಬಲಕ್ಕೆ ಇನ್ನೂ ಎಂಟು ಗೋಲಿ ಬೇಕಾದವು. ಇಡೀ ವರ್ಗ ತಕ್ಕಡಿಯ ಸುತ್ತ ಮುಗಿಬಿದ್ದಿತ್ತು. ಎಂಟರಲ್ಲಿ ತಕ್ಕಡಿ ನುಂಗುತ್ತಿದ್ದ ಒಂದನ್ನು ಕಳೆದು ಏಳು ಎಂದು ಯಾರೋ ನೆಲದ ಮೇಲೇ ಬರೆದರು.

"ಗಿರಾಕಿಗೆ ಏಳು ಗೋಲಿ ಲಾಭ ಆಗೇತ್ರಿ ಸರ್" ಎಂದಳು ನಾಗವೇಣಿ. "ನಿಮ್ಮ ಅಪ್ಪಾರು ಭಾಳ ಛಲೋ ಇದ್ರು ಬಿಡ್ರಿ."

ನಾನು ಮೊದಲ ಸಲ ಕುರ್ಚಿಯ ಮೇಲೆ ಕುಳಿತೆ. ಗಂಟೆ ಹೊಡೆಯಿತು. ಮನೆಯಲ್ಲಿ ಬಿಡಿಸಲೆಂದು ಹತ್ತು ಸಮೀಕರಣ ಬರೆಸಿದೆ. ಎಂದಿನಂತೆ ಗೊಣಗಾಟ ಬರಬಹುದೆಂದು ಕಾಯುತ್ತಿದ್ದೆ. ನಾಗವೇಣಿ ನೋಟುಬುಕ್ಕು ಹಿಡಿದುಕೊಂಡು ಮೇಜಿನ ಹತ್ತಿರವೇ ನಿಂತಿದ್ದಳು.

"ಕೊಸರು ಹಾಕೂದಿಲ್ಲೇನ್ರಿ ಸರ್?"

ಹನ್ನೊಂದನೆಯದನ್ನೂ ಬರೆಸಿದೆ.