ಇಲ್ಲವೆಂದು ಹೇಳಲಾಗದು

ಮುದ್ರಣಾಲಯದಲ್ಲಿ ಎಲ್ಲರೂ ಅವರನ್ನು ಒತ್ತಕ್ಕ ಎಂದೇ ಕರೆಯುತ್ತಿದ್ದರು. ಬಿಟ್ಟುಹೋದ ಒತ್ತಕ್ಷರ ಅವರ ಕಣ್ಣು ತಪ್ಪಿಸಿಕೊಂಡದ್ದೇ ಇಲ್ಲವೆಂದು ಬೈಂಡಿಂಗಿನ ಹೆಂಗಸರು ಇಟ್ಟ ಹೆಸರು. ಇಪ್ಪತ್ತಾರು ವರ್ಷಗಳಿಂದ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಕೂತು ಅವರು ಕರಡು ತಿದ್ದುತ್ತಿದ್ದರು. ಮದುವೆ ಪತ್ರ, ಶಾಲೆಯ ಪುಸ್ತಕ, ಔಷಧಿ ಡಬ್ಬಿಯ ಚೀಟಿ ಎಲ್ಲವೂ ಬರುತ್ತಿದ್ದವು. ಅವರಿಗೆ ಇಷ್ಟವಾದದ್ದು ಮಾತ್ರ ತಿಂಗಳಿಗೊಮ್ಮೆ ಬರುವ ಕಾನೂನು ಪತ್ರಿಕೆ. ಅದರಲ್ಲಿ ಹೊಸ ತೀರ್ಪುಗಳು, ಪ್ರತಿಯೊಂದರ ತಲೆಯ ಮೇಲೆ ನಾಲ್ಕು ಸಾಲಿನ ಸಾರಾಂಶ, ಕೊನೆಗೆ ಸಂಪಾದಕರಾದ ಹಿರಿಯ ವಕೀಲರ ವಿಮರ್ಶೆ ಇರುತ್ತಿದ್ದವು.

ಆ ತಿಂಗಳು ಬಂದದ್ದು ಬಟ್ಟೆ ಒಗೆಯುವ ಕಾರ್ಖಾನೆಯ ಕೆಲಸದವಳೊಬ್ಬಳ ಪ್ರಕರಣ. ಇಸ್ತ್ರಿ ರೋಲರಿಗೆ ಅವಳ ಬಲಗೈ ಸಿಕ್ಕಿಕೊಂಡಿತ್ತು. ಅವಳೇ ಎಚ್ಚರ ತಪ್ಪಿದಳು, ಪರಿಹಾರ ಯಾಕೆ ಕೊಡಬೇಕು ಎಂಬುದು ಮಾಲೀಕನ ವಾದ. ಸಾರಾಂಶದಲ್ಲಿ ಹೀಗಿತ್ತು: "ಅಜಾಗರೂಕತೆ ಇದ್ದಲ್ಲಿ ಪರಿಹಾರದ ಹಕ್ಕು ಇಲ್ಲ." ಒಳಗಿನ ಪುಟಕ್ಕೆ ಬಂದಾಗ ಒತ್ತಕ್ಕನ ಪೆನ್ಸಿಲ್ ನಿಂತಿತು. ನ್ಯಾಯಾಧೀಶರು ಬರೆದದ್ದು: "ಅಜಾಗರೂಕತೆ ಇತ್ತೆಂಬ ಒಂದೇ ಕಾರಣಕ್ಕೆ ಪರಿಹಾರದ ಹಕ್ಕು ಇಲ್ಲವೆಂದು ಹೇಳಲಾಗದು." ಸಾರಾಂಶ ಮಾಡುವ ಅವಸರದಲ್ಲಿ ಯಾರೋ ವಾಕ್ಯದ ಬಾಲ ಕತ್ತರಿಸಿದ್ದರು. ಸಂಪಾದಕರ ವಿಮರ್ಶೆಯೂ ಆ ಮೊಂಡು ಸಾಲನ್ನೇ ನಂಬಿ, ಕೆಲಸಗಾರರಿಗೆ ಇದೊಂದು ಪಾಠ ಎಂದು ಎರಡು ಪುಟ ಬುದ್ಧಿ ಹೇಳಿತ್ತು.

ಅಂಚಿನಲ್ಲಿ ಪ್ರಶ್ನೆ ಬರೆದು ಮೇಲಿನ ಮಹಡಿಯಲ್ಲಿದ್ದ ಸಂಪಾದಕರಿಗೆ ಕಳಿಸಿದರು. ಮಧ್ಯಾಹ್ನ ಕೆಂಪು ಶಾಯಿಯಲ್ಲಿ ಉತ್ತರ ಬಂತು: "ಕಾಗುಣಿತ ಮಾತ್ರ ನೋಡಿ."

ಒತ್ತಕ್ಕ ಜಗಳಗಂಟಿಯಲ್ಲ. ಸುಮ್ಮನಿರೋಣವೆಂದು ಬೇರೆ ಪುಟ ತೆಗೆದುಕೊಂಡರು. ಮೂರು ಸಲ ಓದಿದರೂ ಒಂದಕ್ಷರ ತಲೆಗೆ ಹತ್ತಲಿಲ್ಲ. ಈ ಸಾರಾಂಶ ನೋಡಿ ಯಾವುದೋ ಊರಿನ ವಕೀಲ ಇಂಥವಳೇ ಇನ್ನೊಬ್ಬಳನ್ನು "ನಿನ್ನ ಕೇಸು ನಿಲ್ಲೋದಿಲ್ಲ" ಎಂದು ಬಾಗಿಲಿಂದಲೇ ಕಳಿಸಿಬಿಟ್ಟರೆ? ಮೆಷಿನ್ನಿಗೆ ಪ್ಲೇಟು ಏರಿಸುವ ಹೊತ್ತಾಗಿತ್ತು. ಕನ್ನಡಕ ಒರೆಸಿಕೊಂಡು ಮೆಟ್ಟಿಲು ಹತ್ತಿದರು.

ಸಂಪಾದಕರು ತಲೆ ಎತ್ತಲಿಲ್ಲ. "ಏನಮ್ಮಾ, ಮತ್ತೆ ಅದೇನಾ? ಮೂವತ್ತೈದು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದೀನಿ ನಾನು."

"ಕಾನೂನು ನಿಮಗೆ ಗೊತ್ತು ಸರ್. ನನಗೆ ವಾಕ್ಯ ಮಾತ್ರ ಗೊತ್ತು. ಊಟ ಇಲ್ಲ ಅಂತ ಹೇಳೋಕಾಗಲ್ಲ ಅಂದ್ರೆ ಊಟ ಇದೆ ಅಂತ ತಾನೆ? ನ್ಯಾಯಾಧೀಶರ ಈ ಸಾಲನ್ನ ಒಂದ್ಸಲ ಜೋರಾಗಿ ಓದಿ. ಆಮೇಲೆ ಬೇಕಾದ್ರೆ ಬೈರಿ."

ಅವರು ಓದಿದರು. "ಹೇಳಲಾಗದು" ಎಂಬಲ್ಲಿ ಧ್ವನಿ ಇಳಿಯಿತು. ಮತ್ತೊಮ್ಮೆ ಮನಸ್ಸಿನಲ್ಲೇ ಓದಿದರು. ಕಿವಿ ಕೆಂಪಗಾಯಿತು.

"ಪೂರ್ತಿ ತೀರ್ಪು ನಾನು ಓದಿರಲಿಲ್ಲ," ಎಂದರು ಕೊನೆಗೆ. "ಸಾರಾಂಶ ನೋಡಿ ಬರೆದುಬಿಟ್ಟೆ."

"ಆಗುತ್ತೆ ಸರ್. ನಾನೂ ಒಂದ್ಸಲ ಮದುವೆ ಪತ್ರದಲ್ಲಿ ಮದುಮಗನ ಜಾಗದಲ್ಲಿ ಮಾವನ ಹೆಸರು ಇದ್ದದ್ದನ್ನ ನೋಡದೆ ಬಿಟ್ಟಿದ್ದೆ."

ಸಂಪಾದಕರಿಗೆ ನಗು ತಡೆಯಲಾಗಲಿಲ್ಲ.

ಮೆಷಿನ್ ಕಾಯಬೇಕಾಯಿತು. ಮುದ್ರಣಾಲಯದ ಮಾಲೀಕರು ಕೂಗಾಡಿದರು. ವಕೀಲರು ಮಾತ್ರ ಒತ್ತಕ್ಕನ ಕೋಣೆಯಲ್ಲೇ ಸ್ಟೂಲು ಹಾಕಿಕೊಂಡು ಸಾರಾಂಶವನ್ನೂ ವಿಮರ್ಶೆಯನ್ನೂ ಮೊದಲಿನಿಂದ ಬರೆದರು. ಒಂದೊಂದು ಹಾಳೆ ಮುಗಿದಂತೆ ಅಕ್ಕ ತಿದ್ದಿದರು. ಎದುರೆದುರೇ ತಿದ್ದಿಸಿಕೊಳ್ಳುವಾಗ ಅಷ್ಟು ದೊಡ್ಡ ವಕೀಲರು ಪರೀಕ್ಷೆಗೆ ಕೂತವರಂತೆ ಮುದುಡಿದ್ದರು.

ಸಂಜೆ ಮನೆಯಲ್ಲಿ ಅತ್ತೆ ಕಾದಿದ್ದರು. ಕಣ್ಣು ಮಂಜಾದ ಮೇಲೆ ಸೊಸೆ ಹೇಳುವ ಕೋರ್ಟಿನ ಸಂಗತಿಗಳೇ ಅವರಿಗೆ ಪೇಪರು.

"ಇವತ್ತು ಯಾರು ಗೆದ್ರು ಕಣೇ?"

"ಕೈ ಕಳ್ಕೊಂಡ ಹೆಣ್ಣುಮಗಳು, ಅತ್ತೆ."

"ಪುಣ್ಯಾತ್ಮರು ಆ ನ್ಯಾಯಾಧೀಶರು."

"ಅವರೇನೋ ಹೋದ ತಿಂಗಳೇ ಗೆಲ್ಲಿಸಿದ್ರು. ಇವತ್ತು ನಾವು ಸೋಲಿಸೋದರಲ್ಲಿದ್ವಿ."

ಅತ್ತೆಗೆ ಅರ್ಥವಾಗಲಿಲ್ಲ. ಮೊದಲಿಂದ ಹೇಳು ಎಂದರು. ಒತ್ತಕ್ಕ ಕಾಲು ಚಾಚಿ ಕೂತು, ರೋಲರಿನಿಂದ ಹಿಡಿದು ಸಂಪಾದಕರ ಕೆಂಪು ಕಿವಿಯವರೆಗೆ ಎಲ್ಲವನ್ನೂ ಹೇಳಿದರು.

ಪತ್ರಿಕೆ ಎರಡು ದಿನ ತಡವಾಗಿ ಹೊರಬಂತು. ಅವರ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಮುಂದಿನ ತಿಂಗಳಿಂದ ವಕೀಲರು ವಿಮರ್ಶೆ ಬರೆಯುವ ಮೊದಲೇ ತೀರ್ಪನ್ನೂ ಸಾರಾಂಶವನ್ನೂ ಅಕ್ಕನ ಮೇಜಿಗೆ ಕಳಿಸತೊಡಗಿದರು. ಕೆಲಸ ದುಪ್ಪಟ್ಟಾಯಿತೆಂದು ಅಕ್ಕ ಬೈಂಡಿಂಗಿನವರ ಮುಂದೆ ಗೊಣಗಿದರು. ಆದರೆ ಒಂದು ಹಾಳೆಯನ್ನೂ ಓದದೆ ಮೇಲಕ್ಕೆ ಕಳಿಸಲಿಲ್ಲ.