ಗೊಡ್ಡು ಕುರಿಯ ಕೂಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವಳು ನಾನು. ಈಗ ನಾನೇ ಹೇಳುತ್ತಿದ್ದೇನೆ. ನೀವು ಎದ್ದು ಹೋದರೂ ಬೇಸರವಿಲ್ಲ.

ನನ್ನದು ಭ್ರೂಣಗಳ ಸಂಶೋಧನೆ. ಗರ್ಭದ ಮೊದಲ ದಿನಗಳಲ್ಲಿ, ಸಾಸಿವೆಗಿಂತ ಚಿಕ್ಕದಾದ ಆ ಮುದ್ದೆಯೊಳಗೆ ಜೀವಕೋಶಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸುತ್ತವೆ. ಯಾವುದು ಮಗುವಾಗಬೇಕು, ಯಾವುದು ಅದನ್ನು ಪೋಷಿಸುವ ಮಾಸಾಗಬೇಕು ಎಂಬುದು ಅದರಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ತಾಯಿಯ ದೇಹಕ್ಕೂ ಸುದ್ದಿ ಮುಟ್ಟಬೇಕು. ಮುಟ್ಟದಿದ್ದರೆ ದೇಹ ಅದನ್ನು ಉಳಿಸಿಕೊಳ್ಳುವುದಿಲ್ಲ. ಇದನ್ನೆಲ್ಲ ವರ್ಷಗಟ್ಟಲೆ ಕುರಿಯ ಭ್ರೂಣಗಳಲ್ಲಿ ನೋಡಿದ ನನ್ನ ಹೊಟ್ಟೆಯಲ್ಲಿ ಮಾತ್ರ ಏನೂ ನಿಲ್ಲಲಿಲ್ಲ.

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ, ಹೊರಗೆ ಬೆಳೆಸಿದ ಭ್ರೂಣವನ್ನು ಮತ್ತೊಮ್ಮೆ ಗರ್ಭಕೋಶದಲ್ಲಿ ಇರಿಸಿಕೊಂಡು, ವಿಶ್ರಾಂತಿಗೆಂದು ಹಿರೇಹಡಗಲಿಯ ಗಂಡನ ಮನೆಗೆ ಬಂದೆ. ಹಿತ್ತಲಲ್ಲಿ ಕುರಿಗಳ ದೊಡ್ಡಿ. ಅದರಲ್ಲೊಂದು ಕಪ್ಪು ಮೋರೆಯ ಕುರಿ ಎಂದೂ ಈದಿರಲಿಲ್ಲ. ಅತ್ತೆ ಅದನ್ನು 'ಗೊಡ್ಡು' ಎಂದೇ ಕರೆಯುತ್ತಿದ್ದರು. ಮರುದಿನ ನಾನು ಬೇವಿನ ನೆರಳಲ್ಲಿ ಕೂತಿದ್ದಾಗ ಅದು ಬಂದು ನನ್ನ ಹೊಟ್ಟೆಗೆ ಹಣೆ ಒತ್ತಿ, ಗಂಟಲಲ್ಲೇ ಮೆಲ್ಲಗೆ ಗುರುಗುಟ್ಟಿತು. ಆಗಷ್ಟೇ ಈದ ಕುರಿಗಳು ಮರಿಯನ್ನು ನೆಕ್ಕುವಾಗ ತೆಗೆಯುವ ದನಿ ಅದು.

"ಈ ಸಲ ನಿಂತೈತಿ ನೋಡವ್ವಾ! ಮೂಕ ಪ್ರಾಣಿಗೆ ತಿಳೀತೈತಿ," ಎಂದು ಅತ್ತೆ ನೆಟಿಕೆ ಮುರಿದರು.

"ಇಷ್ಟ್ ಲಗೂನ ರಕ್ತ ಪರೀಕ್ಷಿಗೇ ತಿಳಿಯಂಗಿಲ್ರಿ ಅತ್ತಿ, ಕುರಿಗೇನ್ ತಿಳೀತೈತ್ರಿ," ಎಂದು ನಕ್ಕೆ. ಆದರೆ ದಿನವೂ ಅದು ಬರುವುದನ್ನೇ ಕಾಯತೊಡಗಿದೆ, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಅದು ಬಂದು ಹಣೆ ಒತ್ತಿತು, ಮೂಸಿತು, ತಟ್ಟನೆ ಹಿಂದೆ ಸರಿಯಿತು. ಆಮೇಲೆ ಗೋಡೆಗೆ ಮುಖ ಮಾಡಿ, ಮರಿ ಸತ್ತ ಕುರಿಯಂತೆ ಅರಚತೊಡಗಿತು. ಮೇವಿಗೆ ಬಾಯಿ ಹಾಕಲಿಲ್ಲ. ನನಗೆ ನೋವೂ ಇರಲಿಲ್ಲ, ರಕ್ತವೂ ಹೋಗಿರಲಿಲ್ಲ. ಮುಂದೆ ಪರೀಕ್ಷೆ ಮಾಡಿಸಿದಾಗ, ಗರ್ಭ ಕಟ್ಟಿತ್ತು, ಉಳಿದಿಲ್ಲ ಎಂದರು ವೈದ್ಯರು.

ಅತ್ತೆ ಅಳಲಿಲ್ಲ. ನನ್ನ ಗಂಡ ಮಂಜುನಾಥನನ್ನು ಕರೆದು, "ಲೇ, ಆ ಗೊಡ್ಡಿನ ಮುಸುಡಿ ತಾಗಿ ಹಿಂಗಾತು. ಮೊದ್ಲು ಅದನ್ನ ಕಟುಕರಿಗೆ ಕೊಡು. ಮನ್ಯಾಗ ಎರಡೆರಡು ಗೊಡ್ಡು ಇಟ್ಕೊಂಡು ಏನ್ ಮಾಡೂದೈತಿ?" ಎಂದರು. ನನಗೆ ಕೇಳಲೆಂದೇ ಹೇಳಿದ ಮಾತದು.

"ರೀ, ಅದನ್ನ ಬಿಡ್ರಿ. ಅದೇನ್ ಮಾಡೈತಿ?" ಎಂದು, ಅವನು ಎಳೆಯುತ್ತಿದ್ದ ಕುರಿಯ ಹಗ್ಗ ಹಿಡಿದುಕೊಂಡೆ.

"ಸುಮ್ನಿರು. ಅವ್ವ ಹೇಳ್ಯಾಳ," ಎಂದು ನನ್ನ ಬೆರಳು ಬಿಡಿಸಿದ. ಕುರಿ ಓಣಿ ದಾಟುವವರೆಗೂ ಕೂಗುತ್ತಲೇ ಹೋಯಿತು. ಆ ಸಂಜೆಯೇ ಬಸ್ಸು ಹತ್ತಿದೆ. ಆ ಮನೆಗೆ ಮತ್ತೆ ಹೋಗಿಲ್ಲ.

ಬೆವರಿನ ವಾಸನೆ ಬದಲಾಗಿರಬಹುದು ಎನ್ನುತ್ತಾರೆ ಪ್ರಯೋಗಾಲಯದ ಗೆಳತಿಯರು. ನಾನೂ ಹಾಗೆಯೇ ಯೋಚಿಸಿದೆ. ಆದರೆ ಅದು ಮೊದಲು ಬಂದ ದಿನ ಭ್ರೂಣ ಗರ್ಭಕೋಶಕ್ಕೆ ಇನ್ನೂ ಅಂಟಿಕೊಂಡೇ ಇರಲಿಲ್ಲ; ನನ್ನ ದೇಹಕ್ಕೇ ಸುದ್ದಿ ಮುಟ್ಟಿರಲಿಲ್ಲ. ಔಷಧಿಯ ವಾಸನೆ ಎನ್ನೋಣವೆಂದರೆ, ಹಿಂದಿನ ಸಲವೂ ಅದೇ ಔಷಧಿ, ಅದೇ ಹಿತ್ತಲು. ಆಗ ಆ ಕುರಿ ನನ್ನತ್ತ ತಿರುಗಿಯೂ ನೋಡಿರಲಿಲ್ಲ.

ಅದಕ್ಕೆ ಹೇಗೆ ತಿಳಿಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕೆಲವೇ ದಿನ ನಾನು ತಾಯಿಯಾಗಿದ್ದೆ ಎಂದು ಬಲ್ಲ ಒಂದೇ ಒಂದು ಜೀವವನ್ನು ಕಟುಕರಿಗೆ ಕೊಟ್ಟರು ಎಂಬುದಷ್ಟೇ ಗೊತ್ತು.